ಕಳೆದಿಲ್ಲ, ಹೊರಗಿದೆ: ಖಾಲಿ ಡಬ್ಬಿಯ ಲೆಕ್ಕದ ಕಥೆ

ಈ ಸಲ ನಾನು ಹೇಳೋಕೆ ಹೊರಟಿರೋದು ಖಾಲಿ ಡಬ್ಬಿಗಳ ಇತಿಹಾಸ. ಇದರಲ್ಲೇನಿದೆ ಅಂತ ಫಾರ್ವರ್ಡ್ ಮಾಡಬೇಡಿ. ಇದರಲ್ಲಿ ಒಬ್ಬರ ಸಂಬಳದ ಪ್ರಶ್ನೆ ಇದೆ. ತಪ್ಪು ನನ್ನದು.

2019ರ ಮಾರ್ಚ್ 31, ಭಾನುವಾರ. ಬಿಕಾಂ ಮುಗಿಸಿ ಒಂದು ಚಿಕ್ಕ ಆಡಿಟ್ ಆಫೀಸಿನಲ್ಲಿ ಅಸಿಸ್ಟೆಂಟ್ ಆಗಿ ಸೇರಿ ಒಂಬತ್ತು ತಿಂಗಳಾಗಿತ್ತು. ವರ್ಷಾಂತ್ಯದ ಸ್ಟಾಕ್ ಎಣಿಸೋಕೆ ಅಂತ ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಗೆ ನನ್ನನ್ನ ಕಳಿಸಿದ್ರು. ವಾಹನಗಳ ಬಿಡಿಭಾಗ ಮಾಡುವ ಜಾಗ. ಬಿಡಿಭಾಗಗಳನ್ನ ಅವರು ರಟ್ಟಿನ ಪೆಟ್ಟಿಗೆಯಲ್ಲಿ ಕಳಿಸುತ್ತಿರಲಿಲ್ಲ. ನೀಲಿ ಪ್ಲಾಸ್ಟಿಕ್ ಬಿನ್ನುಗಳಲ್ಲಿ ತುಂಬಿ ಗಿರಾಕಿ ಕಂಪನಿಗೆ ಕಳಿಸುತ್ತಿದ್ರು. ಅಲ್ಲಿ ಖಾಲಿಯಾದ ಮೇಲೆ ಬಿನ್ನು ವಾಪಸ್ ಬರುತ್ತೆ, ಮತ್ತೆ ತುಂಬುತ್ತಾರೆ, ಮತ್ತೆ ಹೋಗುತ್ತೆ.

ಪುಸ್ತಕದಲ್ಲಿ 1,200 ಬಿನ್ನುಗಳಿದ್ದವು. ನಾನು ಎಣಿಸಿದಾಗ ಸಿಕ್ಕಿದ್ದು 914. ಸಾಲು ಸಾಲಾಗಿ ಎರಡನೇ ಸಲ ಎಣಿಸಿದೆ, ಅಷ್ಟೇ. ಶೀಟಿನಲ್ಲಿ ‘ಶಾರ್ಟೇಜ್ 286’ ಅಂತ ಬರೆದೆ.

ಸ್ಟೋರ್ ನೋಡಿಕೊಳ್ಳುತ್ತಿದ್ದವರಿಗೆ ಐವತ್ತು ದಾಟಿತ್ತು. ಬೆಳಿಗ್ಗೆಯಿಂದ ನನಗೆ ಎರಡು ಸಲ ಟೀ ತರಿಸಿದ್ರು. ಶೀಟ್ ನೋಡಿ, “ಕಳೆದಿಲ್ಲ ತಮ್ಮಾ, ಹೊರಗಿದೆ” ಅಂದ್ರು.

“ಅದಕ್ಕೆ ಪೇಪರ್ ಏನಾದ್ರೂ ಇದೆಯಾ ಅಣ್ಣಾ?”

“ಇದೆ. ಆಫೀಸ್ ರೂಮಿಗೆ ಇವತ್ತು ಬೀಗ. ನಾಳೆ ತೆಗೆದು ಕೊಡ್ತೀನಿ.”

ನನಗೆ ಅವತ್ತು ಸಂಜೆಯೊಳಗೆ ಶೀಟ್ ಮೇಲ್ ಮಾಡಬೇಕಿತ್ತು. ಮಾಡಿಬಿಟ್ಟೆ. ಹತ್ತು ದಿನ ಬಿಟ್ಟು ಫೈಲ್ ಮುಗಿಸೋಕೆ ಹೋದಾಗ ಗೊತ್ತಾಯ್ತು: 286 ಬಿನ್ನುಗಳ ಬೆಲೆಯನ್ನ ಅವರ ಸಂಬಳದಲ್ಲಿ ಕಂತಾಗಿ ಹಿಡಿಯಬೇಕು ಅಂತ ಮೇಲಿನಿಂದ ಮಾತು ಬಂದಿದೆ. ಕಾರಣ ನನ್ನ ಶೀಟು.

ಆಮೇಲೆ ಏನಾಯ್ತು ಅಂತ ಕೊನೆಯಲ್ಲಿ ಹೇಳ್ತೀನಿ. ‘ಕಳೆದಿದೆ’ ಮತ್ತು ‘ಹೊರಗಿದೆ’, ಈ ಎರಡು ಮಾತಿನ ನಡುವಿನ ವ್ಯತ್ಯಾಸಕ್ಕೆ ದೊಡ್ಡ ಇತಿಹಾಸವೇ ಇದೆ. ಮೊದಲು ಅಲ್ಲಿಗೆ ಹೋಗೋಣ.

ಆಡಿಟರ್ ಗೋಡೌನಿಗೆ ಯಾಕೆ ಹೋಗ್ತಾನೆ?

ಒಂದು ಕಾಲದಲ್ಲಿ ಹೋಗುತ್ತಲೇ ಇರಲಿಲ್ಲ. ಕಂಪನಿಯವರು ಕೊಟ್ಟ ಕಾಗದ ನೋಡಿ, ಕೂಡಿ ಕಳೆದು, ಸಹಿ ಹಾಕುತ್ತಿದ್ದ. ಇದನ್ನ ಬದಲಾಯಿಸಿದ್ದು 1938ರಲ್ಲಿ ಅಮೆರಿಕದಲ್ಲಿ ಸಿಡಿದ ಮೆಕ್‌ಕೆಸನ್ ಅಂಡ್ ರಾಬಿನ್ಸ್ ಹಗರಣ. ದೊಡ್ಡ ಔಷಧ ಕಂಪನಿ. ಅದರ ಅಧ್ಯಕ್ಷ ಡೊನಾಲ್ಡ್ ಕೋಸ್ಟರ್ ಅನ್ನೋನ ನಿಜವಾದ ಹೆಸರು ಫಿಲಿಪ್ ಮ್ಯೂಸಿಕಾ, ಹಿಂದೆಯೇ ಶಿಕ್ಷೆಯಾಗಿದ್ದ ವಂಚಕ. ಕೆನಡಾದ ಗೋಡೌನುಗಳಲ್ಲಿ ಲಕ್ಷಾಂತರ ಡಾಲರ್ ಬೆಲೆಯ ಸರಕು ಇದೆ ಅಂತ ಲೆಕ್ಕ ತೋರಿಸಿದ್ದ. ಅಲ್ಲಿ ಸರಕೇ ಇರಲಿಲ್ಲ. ಸುಮಾರು 8 ಕೋಟಿ 70 ಲಕ್ಷ ಡಾಲರ್ ಆಸ್ತಿಯಲ್ಲಿ ಹೆಚ್ಚುಕಡಿಮೆ 1 ಕೋಟಿ 90 ಲಕ್ಷ ಬರೀ ಕಾಗದದ ಮೇಲಿತ್ತು. ಆಡಿಟ್ ಮಾಡಿದವರು ಹೋಗಿ ನೋಡಿರಲಿಲ್ಲ, ಯಾಕಂದ್ರೆ ಹೋಗಿ ನೋಡಬೇಕು ಅನ್ನೋ ನಿಯಮವೇ ಇರಲಿಲ್ಲ.

1939ರಲ್ಲಿ ಅಮೆರಿಕದ ಲೆಕ್ಕಪರಿಶೋಧಕರ ಸಂಸ್ಥೆ ಸರಕು ಎಣಿಸುವ ಜಾಗದಲ್ಲಿ ಆಡಿಟರ್ ಹಾಜರಿರಬೇಕು ಅಂತ ಪದ್ಧತಿ ಬದಲಿಸಿತು. ಆ ರೂಢಿ ಜಗತ್ತಿಗೆಲ್ಲ ಹಬ್ಬಿತು. 80 ವರ್ಷದ ಮೇಲೆ ಒಂದು ಭಾನುವಾರ ನಾನು ಕೈಯಲ್ಲಿ ರೈಟಿಂಗ್ ಪ್ಯಾಡ್ ಹಿಡಿದು ಬಿನ್ನು ಎಣಿಸುತ್ತಾ ನಿಂತಿದ್ದಕ್ಕೆ ಮೂಲ ಅದೇ.

ಆದ್ರೆ ಈ ಎಣಿಕೆಗೆ ಒಂದು ಮಿತಿ ಇದೆ. ಗೇಟಿನ ಒಳಗೆ ಏನಿದೆ ಅಂತ ಅದು ಹೇಳುತ್ತೆ. ವಾಪಸ್ ಬರುವ ಡಬ್ಬಿಯ ಕೆಲಸವೇ ಗೇಟಿನ ಹೊರಗಿರುವುದು. ಅದು ಒಳಗೇ ಕೂತಿದ್ರೆ ವ್ಯಾಪಾರ ನಿಂತಿದೆ ಅಂತ ಅರ್ಥ!

ಮನೆಯಲ್ಲಿರೋ ಸಿಲಿಂಡರ್ ಯಾರದ್ದು?

ನಿಮ್ಮ ಅಡುಗೆಮನೆಯ 14.2 ಕೆ.ಜಿ. ಗ್ಯಾಸ್ ಸಿಲಿಂಡರ್ ತಗೊಳ್ಳಿ. ಗ್ಯಾಸ್ ನಿಮ್ಮದು, ಸಿಲಿಂಡರ್ ಕಂಪನಿಯದ್ದು. ಕನೆಕ್ಷನ್ ತಗೊಂಡಾಗ ಕಟ್ಟಿದ್ದು ಸಿಲಿಂಡರ್ ಬೆಲೆ ಅಲ್ಲ, ಠೇವಣಿ. ಅಪ್ಪ ಅಮ್ಮ ಬೀರುವಿನಲ್ಲಿ ಜೋಪಾನವಾಗಿಟ್ಟಿರೋ ಸಬ್‌ಸ್ಕ್ರಿಪ್ಷನ್ ವೋಚರ್ ಇದೆಯಲ್ಲ, ಅದೇ ಸಾಕ್ಷಿ. ಸಿಲಿಂಡರ್ ಒಪ್ಪಿಸಿದರೆ ಆ ದುಡ್ಡು ವಾಪಸ್ ಬರಬೇಕು.

ಕಾಮರ್ಸ್ ಓದಿದವರಿಗೆ ಇದರ ಒಳಸುಳಿ ಗೊತ್ತಾಗುತ್ತೆ. ಕಂಪನಿಯ ಪುಸ್ತಕದಲ್ಲಿ ಸಿಲಿಂಡರ್ ಆಸ್ತಿ, ಠೇವಣಿ ಸಾಲ. ವಸ್ತು ಇರೋದು ನಿಮ್ಮ ಮನೆಯಲ್ಲಿ, ಸವಕಳಿ ಬರೆಯೋದು ಅವರು. ತೆರಿಗೆಯೂ ಹೀಗೇ ನೋಡುತ್ತೆ. ಸರಕಿಗೆ ಸಂಬಂಧಿಸಿ ಕೊಟ್ಟ ಠೇವಣಿಯನ್ನ ಬೆಲೆಯಾಗಿ ಹೊಂದಿಸಿಕೊಳ್ಳುವ ತನಕ ಅದು ಪಾವತಿ ಅಲ್ಲ ಅಂತ 2017ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 2(31) ಹೇಳುತ್ತೆ. ಅಂದ್ರೆ ಡಬ್ಬಿ ವಾಪಸ್ ಬಂತಾ ಇಲ್ವಾ ಅನ್ನೋದರ ಮೇಲೆ ಅದೇ ದುಡ್ಡು ಒಂದು ಕಡೆ ಸಾಲ, ಇನ್ನೊಂದು ಕಡೆ ತೆರಿಗೆ ಬೀಳುವ ಆದಾಯ. ಎಲ್ಲಿದೆ ಅಂತ ಗೊತ್ತಿಲ್ಲದಿದ್ರೆ ಯಾವ ಕಡೆ ಬರೆಯೋದು?

ಸಿಲಿಂಡರ್ ಮೇಲೆ ಅದರ ಖಾಲಿ ತೂಕ ಬರೆದಿರುತ್ತೆ, ಟೇರ್ ತೂಕ ಅಂತೀವಿ. ಡಬ್ಬಿಯ ಮೈಮೇಲೆ ಲೆಕ್ಕ ಬರೆಯೋದು ಈಗಿನ ಯೋಚನೆ ಏನಲ್ಲ. ರೋಮ್ ನಗರದಲ್ಲಿ ಮಾಂಟೆ ಟೆಸ್ಟಾಚಿಯೊ ಅಂತ ಒಂದು ಗುಡ್ಡ ಇದೆ. ಸುಮಾರು 35 ಮೀಟರ್ ಎತ್ತರ. ಅಗೆದರೆ ಮಣ್ಣಿಗಿಂತ ಹೆಚ್ಚಾಗಿ ಒಡೆದ ಮಡಕೆ ಚೂರು ಸಿಗುತ್ತೆ. ಎರಡು ಸಾವಿರ ವರ್ಷದ ಹಿಂದೆ, ಬಹುಪಾಲು ಈಗಿನ ಸ್ಪೇನಿನ ದಕ್ಷಿಣ ಭಾಗದಿಂದ, ಆಲಿವ್ ಎಣ್ಣೆ ತುಂಬಿ ತಂದ ದೊಡ್ಡ ಜಾಡಿಗಳವು. ಖಾಲಿ ಜಾಡಿಯೇ ಸುಮಾರು 30 ಕೆ.ಜಿ., ಒಳಗೆ ಸುಮಾರು 70 ಕೆ.ಜಿ. ಎಣ್ಣೆ. 1870ರ ದಶಕದಿಂದ ಇದನ್ನ ಅಧ್ಯಯನ ಮಾಡಿದ ಹೈನ್ರಿಖ್ ಡ್ರೆಸೆಲ್ ಚೂರುಗಳ ಮೇಲಿನ ಬರಹ ಓದಿದ. ಖಾಲಿ ತೂಕ, ಎಣ್ಣೆಯ ತೂಕ, ವ್ಯಾಪಾರಿಯ ಹೆಸರು, ಅಧಿಕಾರಿಗಳ ತಪಾಸಣೆಯ ಟಿಪ್ಪಣಿ, ಎಲ್ಲ ಇತ್ತು. ಜಾಡಿಯೇ ಇನ್‌ವಾಯ್ಸ್, ಜಾಡಿಯೇ ಚೆಕ್‌ಪೋಸ್ಟ್ ರಸೀದಿ.

ಎಣ್ಣೆ ಹೀರಿದ ಜಾಡಿ ಮತ್ತೆ ಬಳಕೆಗೆ ಬರುತ್ತಿರಲಿಲ್ಲ. ಒಡೆದು ಗುಡ್ಡಕ್ಕೆ ಸುರಿಯುತ್ತಿದ್ರು. ವಾಪಸ್ ಬರದ ಡಬ್ಬಿಯ ಲೆಕ್ಕ ಸುಲಭ: ಒಡೆಯಿತು, ಮುಗಿಯಿತು. ವಾಪಸ್ ಬರಬೇಕಾದ ಡಬ್ಬಿಯದ್ದೇ ಕಷ್ಟ.

ಕೋಟಿ ಹಲಗೆ ಎಲ್ಲಿ ಹೋದವು?

ಆ ಕಷ್ಟ ಎಷ್ಟು ದೊಡ್ಡದಾಗಬಹುದು ಅಂತ ತೋರಿಸೋಕೆ ಆಸ್ಟ್ರೇಲಿಯಾದ ಒಂದು ಕಂಪನಿಯ ಕಥೆ ಸಾಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಅಲ್ಲಿಗೆ ಫೋರ್ಕ್‌ಲಿಫ್ಟ್‌ಗಳನ್ನೂ ಪ್ಯಾಲೆಟ್‌ಗಳನ್ನೂ ತಂದಿತ್ತು. ಪ್ಯಾಲೆಟ್ ಅಂದ್ರೆ ಸರಕು ಪೇರಿಸಿ ಒಟ್ಟಿಗೆ ಎತ್ತೋಕೆ ಅಡಿಗಿಡುವ ಮರದ ಹಲಗೆ. ಯುದ್ಧ ಮುಗಿದ ಮೇಲೆ ಅವು ಅಲ್ಲೇ ಉಳಿದವು. ಸರ್ಕಾರ ಅವನ್ನೆಲ್ಲ ಸೇರಿಸಿ ಕಾಮನ್‌ವೆಲ್ತ್ ಹ್ಯಾಂಡ್ಲಿಂಗ್ ಇಕ್ವಿಪ್‌ಮೆಂಟ್ ಪೂಲ್ ಅಂತ ಮಾಡಿತು. ಚಿಕ್ಕದಾಗಿ ಚೆಪ್. 1958ರಲ್ಲಿ ಅದನ್ನ ಬ್ರಾಂಬಲ್ಸ್ ಅನ್ನೋ ಕಂಪನಿ ಕೊಂಡಿತು.

ಅವರ ವ್ಯಾಪಾರ ಸರಳ. ಹಲಗೆಗೆ ನೀಲಿ ಬಣ್ಣ ಬಳಿದು ಬಾಡಿಗೆಗೆ ಕೊಡೋದು. ಮಾರೋದಿಲ್ಲ. ಸೋಪಿನ ಕಂಪನಿ ತಗೊಳ್ಳುತ್ತೆ, ಅದು ಸೂಪರ್‌ಮಾರ್ಕೆಟ್ಟಿಗೆ ಹೋಗುತ್ತೆ, ಅಲ್ಲಿಂದ ಚೆಪ್ ವಾಪಸ್ ತರಿಸಿ, ರಿಪೇರಿ ಮಾಡಿ, ಇನ್ನೊಬ್ಬರಿಗೆ ಕೊಡುತ್ತೆ. 1970ರ ದಶಕದಲ್ಲಿ ಬ್ರಿಟನ್ನಿಗೆ ಬಂತು, ಆಮೇಲೆ ಯುರೋಪಿಗೆ ಹರಡಿತು.

ಯುರೋಪಿನಲ್ಲಿ ಬೆಳೆದ ವೇಗಕ್ಕೆ ಲೆಕ್ಕ ಹಿಂದೆ ಬಿತ್ತು. 2002ರಲ್ಲಿ ಬ್ರಾಂಬಲ್ಸ್ ಒಂದು ವಿಷಯ ಒಪ್ಪಿಕೊಳ್ಳಬೇಕಾಯ್ತು: ಯುರೋಪಿನಲ್ಲಿ ಒಂದು ಕೋಟಿಗೂ ಹೆಚ್ಚು ಹಲಗೆಗಳ ಜಾಡು ತಪ್ಪಿದೆ. ಯಾರೋ ಕಳ್ಳ ರಾತ್ರೋರಾತ್ರಿ ಹೊತ್ತುಕೊಂಡು ಹೋಗಿದ್ದಲ್ಲ. ಗಿರಾಕಿಯಿಂದ ಅವನ ಗಿರಾಕಿಗೆ, ಅಲ್ಲಿಂದ ಚೆಪ್ ಹೆಸರೇ ಕೇಳದ ಅಂಗಡಿಗೆ ಹಲಗೆ ಹೋಗಿದೆ. ಪ್ರತಿ ಕೈ ಬದಲಾದಾಗಲೂ ಒಂದು ಚೀಟಿ ಹುಟ್ಟಬೇಕಿತ್ತು, ಹುಟ್ಟಿಲ್ಲ. ಪುಸ್ತಕದಲ್ಲಿ ಮಾತ್ರ ಅವು ‘ಹೊರಗಿವೆ’. ಕಂಪನಿಯ ಷೇರು ಕುಸಿಯಿತು.

ಹಲಗೆಯ ಬೆಲೆ ಎಷ್ಟು ಮಹಾ ಅನ್ನಿಸಬಹುದು. ಒಂದರದ್ದು ಕಮ್ಮಿಯೇ. ಆದ್ರೆ ಇಲ್ಲದ ಹಲಗೆಯನ್ನ ಆಸ್ತಿ ಅಂತ ತೋರಿಸಿದರೆ ಬ್ಯಾಲೆನ್ಸ್ ಶೀಟ್ ಸುಳ್ಳು, ಲಾಭ ಸುಳ್ಳು, ಅದನ್ನ ನಂಬಿ ಷೇರು ಕೊಂಡವನ ದುಡ್ಡು ನೀರುಪಾಲು. ಮೆಕ್‌ಕೆಸನ್‌ನಲ್ಲಿ ಮೋಸ ಇತ್ತು. ಇಲ್ಲಿ ಬರೀ ಚೀಟಿ ಇರಲಿಲ್ಲ. ಪುಸ್ತಕ ತಪ್ಪಿದ್ದು ಮಾತ್ರ ಎರಡು ಕಡೆಯೂ ಒಂದೇ.

ಮೈಮೇಲೆ ಹನ್ನೊಂದು ಅಕ್ಷರ

ಇದೇ ಸಮಸ್ಯೆಯನ್ನ ಹಡಗಿನ ಕಂಟೇನರ್‌ಗಳು ಹೇಗೆ ಬಿಡಿಸಿಕೊಂಡವು ನೋಡಿ. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್‌ಲೀನ್ ಅನ್ನೋ ಲಾರಿ ಮಾಲೀಕ ‘ಐಡಿಯಲ್ ಎಕ್ಸ್’ ಹಡಗಿನಲ್ಲಿ 58 ಪೆಟ್ಟಿಗೆಗಳನ್ನ ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಇದು ಎಲ್ಲರೂ ಹೇಳೋ ಕಥೆ. ಅಷ್ಟಾಗಿ ಯಾರೂ ಹೇಳದ ಇನ್ನೊಂದು ದಿನಾಂಕ ಇದೆ. ಅದೇ ವರ್ಷ ಮೇ 18ರಂದು ಜಿನೀವಾದಲ್ಲಿ ಕಂಟೇನರ್‌ಗಳ ಕಸ್ಟಮ್ಸ್ ಒಪ್ಪಂದ ಆಯ್ತು. ಮೆಕ್‌ಲೀನ್‌ಗೂ ಅದಕ್ಕೂ ಸಂಬಂಧ ಇಲ್ಲ, ಯುರೋಪಿನಲ್ಲಿ ರೈಲು ಮತ್ತು ರಸ್ತೆಯಲ್ಲಿ ಆಗಲೇ ಪೆಟ್ಟಿಗೆಗಳು ಗಡಿ ದಾಟುತ್ತಿದ್ದವು.

ಗಡಿಯಲ್ಲಿ ಬರೋ ಪ್ರಶ್ನೆ ಇದು: ಒಳಗಿನ ಸರಕಿಗೆ ಸುಂಕ ಸರಿ, ಪೆಟ್ಟಿಗೆಗೂ ಸುಂಕ ಹಾಕಬೇಕಾ? ಕಬ್ಬಿಣದ ಪೆಟ್ಟಿಗೆ ಅಂದ್ರೆ ಅದೂ ಬೆಲೆಬಾಳೋ ವಸ್ತುವೇ. ಒಪ್ಪಂದ ಹೇಳಿದ್ದು: ಮೂರು ತಿಂಗಳೊಳಗೆ ದೇಶ ಬಿಟ್ಟು ಹೋಗುವುದಾದರೆ ಸುಂಕ ಬೇಡ. ಭಾರತದಲ್ಲೂ ಇಂಥದ್ದೇ ನಿಯಮ ಇದೆ, 1994ರ ಮಾರ್ಚ್ 16ರ ಕಸ್ಟಮ್ಸ್ ಅಧಿಸೂಚನೆ 104/94. ಬಾಳಿಕೆ ಬರುವ ಕಂಟೇನರ್ ಆಮದಾದರೆ ಸುಂಕ ಇಲ್ಲ, ಆದ್ರೆ ಆರು ತಿಂಗಳೊಳಗೆ ವಾಪಸ್ ಹೊರಗೆ ಕಳಿಸ್ತೀನಿ ಅಂತ ಆಮದುದಾರ ಬಾಂಡ್ ಬರೆದುಕೊಡಬೇಕು. ಅಧಿಕಾರಿ ಅವಧಿ ವಿಸ್ತರಿಸಬಹುದು. ಕಳಿಸಿದ್ದಕ್ಕೆ ದಾಖಲೆ ತೋರಿಸಲಿಲ್ಲ ಅಂದ್ರೆ ಸುಂಕ ಕಟ್ಟಬೇಕು.

ವೈಟ್‌ಫೀಲ್ಡ್ ಕಂಟೇನರ್ ಡಿಪೋ ಕಡೆಯಿಂದ ಬರೋ ಟ್ರೇಲರ್ ಹಿಂದೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಬೈದುಕೊಂಡಿರ್ತೀರಿ. ಅದರ ಮೇಲಿನ ವಿದೇಶಿ ಪೆಟ್ಟಿಗೆ ನಮ್ಮ ದೇಶದಲ್ಲಿ ಇರೋದು ಒಂದು ಮಾತಿನ ಮೇಲೆ: ವಾಪಸ್ ಹೋಗ್ತೀನಿ ಅನ್ನೋ ಮಾತು.

ಹೋಯ್ತು ಅಂತ ಸಾಬೀತು ಮಾಡೋದು ಹೇಗೆ? ಎಲ್ಲ ಪೆಟ್ಟಿಗೆಗಳೂ ನೋಡೋಕೆ ಒಂದೇ. ಅದಕ್ಕೇ ಪ್ರತಿ ಪೆಟ್ಟಿಗೆಗೂ ಹೆಸರು. ಪ್ಯಾರಿಸ್‌ನಲ್ಲಿ 1933ರಲ್ಲೇ ಶುರುವಾದ ಅಂತರರಾಷ್ಟ್ರೀಯ ಕಂಟೇನರ್ ಬ್ಯೂರೋ 1970ರ ದಶಕದಿಂದ ಮಾಲೀಕರ ಸಂಕೇತಗಳನ್ನ ನೋಂದಾಯಿಸುತ್ತಾ ಬಂದಿದೆ. ಮಾಲೀಕನನ್ನ ಗುರುತಿಸೋ ಮೂರು ಅಕ್ಷರ, ಕಂಟೇನರ್ ಅನ್ನೋದಕ್ಕೆ ‘ಯು’, ಆಮೇಲೆ ಆರು ಅಂಕಿ, ಕೊನೆಯಲ್ಲಿ ಚೌಕದೊಳಗೆ ಇನ್ನೊಂದು ಅಂಕಿ. ಒಟ್ಟು ಹನ್ನೊಂದು.

ನನಗೆ ತುಂಬಾ ಇಷ್ಟವಾಗೋದು ಆ ಕೊನೆಯ ಅಂಕಿ. ಅದನ್ನ ಯಾರೂ ಆರಿಸೋದಿಲ್ಲ, ಲೆಕ್ಕದಿಂದ ಬರುತ್ತೆ. ‘ಸಿಎಸ್‌ಕ್ಯೂಯು 305438’ ಅನ್ನೋ ಸಂಖ್ಯೆ ತಗೊಳ್ಳಿ. ಅಕ್ಷರಗಳಿಗೆ ನಿಗದಿಯಾದ ಬೆಲೆ ಇದೆ: ಸಿ 13, ಎಸ್ 30, ಕ್ಯೂ 28, ಯು 32. ಮೊದಲನೆಯದನ್ನ 1ರಿಂದ, ಎರಡನೆಯದನ್ನ 2ರಿಂದ, ಮೂರನೆಯದನ್ನ 4ರಿಂದ, ಹೀಗೆ ದುಪ್ಪಟ್ಟು ಮಾಡ್ತಾ ಹತ್ತನೆಯದನ್ನ 512ರಿಂದ ಗುಣಿಸಿ. ಎಲ್ಲ ಕೂಡಿಸಿದರೆ 6,185. ಹನ್ನೊಂದರಿಂದ ಭಾಗಿಸಿದರೆ ಶೇಷ 3. ಅದೇ ಕೊನೆಯ ಅಂಕಿ. ಬಂದರಿನಲ್ಲಿ ನಿದ್ದೆಗಣ್ಣಿನ ಗುಮಾಸ್ತ ಒಂದು ಅಂಕಿ ತಪ್ಪು ಬರೆದರೆ ಲೆಕ್ಕ ಕೂಡೋದಿಲ್ಲ, ಅಲ್ಲೇ ಗೊತ್ತಾಗುತ್ತೆ. ಮನುಷ್ಯ ತಪ್ಪು ಮಾಡ್ತಾನೆ ಅಂತ ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆ ಇದು. ಅವನನ್ನ ಹಿಡಿದು ದಂಡ ಹಾಕೋಕೆ ಅಲ್ಲ, ತಪ್ಪು ಮುಂದೆ ಹೋಗದ ಹಾಗೆ ತಡೆಯೋಕೆ.

ಸಹಿ ಹಾಕೋರಿಗೆ ಬಂದ ಭಯ

ಇಷ್ಟೆಲ್ಲ ಇದ್ರೂ ಸಣ್ಣಪುಟ್ಟ ಬಿನ್ನು, ಕ್ರೇಟುಗಳನ್ನ ದೊಡ್ಡ ಸಾಹೇಬರು ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಅದು ಸ್ಟೋರಿನವನ ಕೆಲಸ. 2001ರ ಡಿಸೆಂಬರ್‌ನಲ್ಲಿ ಎನ್ರಾನ್ ದಿವಾಳಿ ಎದ್ದಿತು. 2002ರ ಜುಲೈ 30ರಂದು ಅಮೆರಿಕದಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂತು. ಹಣಕಾಸಿನ ವರದಿಗೆ ಕಂಪನಿಯ ಮುಖ್ಯಸ್ಥರೇ ದೃಢೀಕರಣ ಕೊಡಬೇಕು. ಆ ವರದಿ ಹುಟ್ಟೋ ಒಳವ್ಯವಸ್ಥೆ ಸರಿಯಾಗಿದೆಯಾ ಅಂತ ಸೆಕ್ಷನ್ 404ರ ಪ್ರಕಾರ ಆಡಳಿತ ಮಂಡಳಿ ಪ್ರತಿವರ್ಷ ಹೇಳಬೇಕು. ನಮ್ಮಲ್ಲೂ 2013ರ ಕಂಪನಿ ಕಾಯ್ದೆಯ ಸೆಕ್ಷನ್ 143 ಆಡಿಟರ್‌ಗೆ ಇಂಥದ್ದೇ ಕೆಲಸ ಕೊಟ್ಟಿತು. ಕಾರೋ ಅಂತ ಕರೆಯೋ ಆಡಿಟ್ ವರದಿಯ ಆದೇಶದಲ್ಲಿ ನೇರವಾದ ಪ್ರಶ್ನೆಗಳೇ ಇವೆ: ಸ್ಥಿರಾಸ್ತಿಗಳನ್ನ ಎಣಿಸಿ ನೋಡಿದ್ದೀರಾ? ದೊಡ್ಡ ವ್ಯತ್ಯಾಸ ಸಿಕ್ಕಿದ್ರೆ ಪುಸ್ತಕದಲ್ಲಿ ಸರಿಪಡಿಸಿದ್ದೀರಾ?

ಆಗ ಡಬ್ಬಿಗೆ ಬೆಲೆ ಬಂತು. ಬಾರ್‌ಕೋಡ್ ಬಂತು, ಆರ್‌ಎಫ್‌ಐಡಿ ಚಿಪ್ ಬಂತು. ವಾಪಸ್ ಬರುವ ಡಬ್ಬಿಗಳಿಗೇ ಅಂತ ಜಿಎಸ್1 ಸಂಸ್ಥೆಯ ಜಾಗತಿಕ ಸಂಖ್ಯೆ ಇದೆ, ಅದರಲ್ಲೂ ಒಂದು ತಪಾಸಣೆ ಅಂಕಿ. ಗೇಟ್ ದಾಟಿದ ಕೂಡಲೇ ಸಿಸ್ಟಮ್‌ಗೆ ಗೊತ್ತಾಗುತ್ತೆ.

ಆದ್ರೆ ಚಿಪ್ ಹೇಳೋದು ಡಬ್ಬಿ ಎಲ್ಲಿ ಕೊನೆಯ ಸಲ ಕಾಣಿಸಿತು ಅಂತ ಮಾತ್ರ. ಅಲ್ಲಿಂದ ಮುಂದೆ ಹೊಣೆ ಯಾರದ್ದು ಅಂತ ಅದು ಹೇಳೋದಿಲ್ಲ. ಅದಕ್ಕೆ ತಗೊಂಡವನ ಸಹಿ ಬೇಕು.

286 ಬಿನ್ನುಗಳು

ಈಗ ನನ್ನ ಕಥೆಗೆ ಬರ್ತೀನಿ. ಆ ಕಾರ್ಖಾನೆಯಲ್ಲಿ ಚಿಪ್ ಇರಲಿಲ್ಲ. ಇದ್ದದ್ದು ಆರ್‌ಜಿಪಿ ಪುಸ್ತಕ. ಅಂದ್ರೆ ರಿಟರ್ನಬಲ್ ಗೇಟ್ ಪಾಸ್. ವಾಪಸ್ ಬರಬೇಕಾದ ವಸ್ತು ಗೇಟಿನಿಂದ ಹೊರಗೆ ಹೋಗುವಾಗ ಬರೆಯೋ ಚೀಟಿ, ಕಾರ್ಬನ್ ಹಾಕಿ ಮೂರು ಪ್ರತಿ. ಹೆಸರಲ್ಲೇ ಇತಿಹಾಸ ಇದೆ ನೋಡಿ: ಜಿನೀವಾದಲ್ಲಿ ದೇಶಗಳು ಮಾಡಿಕೊಂಡ ಒಪ್ಪಂದವನ್ನೇ ಇಲ್ಲಿ ಒಬ್ಬ ಸೆಕ್ಯುರಿಟಿ ಗಾರ್ಡ್ ಮತ್ತು ಒಬ್ಬ ಸ್ಟೋರ್‌ಕೀಪರ್ ದಿನಾ ಮಾಡಿಕೊಳ್ತಿದ್ರು.

ಸಂಬಳದ ಮಾತು ಕೇಳಿದ ದಿನ ನಾನು ಆ ಫೈಲುಗಳನ್ನ ಕೇಳಿ ತಗೊಂಡು ಕೂತೆ. ಅಣ್ಣ ಪಕ್ಕದಲ್ಲಿ ಕೂತು ಒಂದೊಂದೇ ಪುಟ ತಿರುಗಿಸಿದ್ರು. ಜನವರಿ, ಫೆಬ್ರವರಿ, ಮಾರ್ಚ್. ಗಿರಾಕಿ ಕಂಪನಿಯ ಗೇಟಿನ ಸೀಲು ಇದ್ದ, ಇನ್ನೂ ವಾಪಸ್ ಬಂದಿರದ ಬಿನ್ನುಗಳು 271. ಅವು ಕಳೆದಿರಲಿಲ್ಲ. ಹೊರಗಿದ್ದವು. ಉಳಿದ 15ಕ್ಕೆ ಚೀಟಿ ಇರಲಿಲ್ಲ. ಅದನ್ನ ಅವರೂ ಮುಚ್ಚಿಡಲಿಲ್ಲ. “ಇದು ನನಗೂ ಗೊತ್ತಿಲ್ಲ” ಅಂದ್ರು.

ಆಗ ಅನ್ವಯವಾಗುತ್ತಿದ್ದ 1936ರ ವೇತನ ಪಾವತಿ ಕಾಯ್ದೆಯನ್ನ ನಾನು ಬಿಕಾಂನಲ್ಲಿ ಐದು ಮಾರ್ಕಿಗೆ ಓದಿದ್ದೆ. ಅವತ್ತು ನಿಜವಾಗಿ ಓದಿದೆ. ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಅವನ ನಿರ್ಲಕ್ಷ್ಯದಿಂದಲೇ ನೇರವಾಗಿ ಕಳೆದಿದ್ರೆ ಮಾತ್ರ ಕಡಿತ ಮಾಡಬಹುದು. ಅದಕ್ಕೂ ಮುಂಚೆ ಅವನ ಮಾತು ಕೇಳಬೇಕು. ನಾನು ಕೇಳಿರಲಿಲ್ಲ. ಕೇಳಿಸಿಕೊಂಡಿದ್ದೆ, ಬರೆದಿರಲಿಲ್ಲ. ನನ್ನ ಶೀಟಿನಲ್ಲಿ ‘ಶಾರ್ಟೇಜ್’ ಅನ್ನೋ ಕಾಲಂ ಇತ್ತು, ‘ಹೊರಗಿದೆ, ದಾಖಲೆ ನೋಡಬೇಕು’ ಅನ್ನೋ ಕಾಲಂ ಇರಲಿಲ್ಲ. ಕಾಲಂ ಇಲ್ಲದಿದ್ದಕ್ಕೆ ಒಬ್ಬರ ಮೂರು ತಿಂಗಳ ಚೀಟಿಗಳು ಸುಳ್ಳಾಗೋದರಲ್ಲಿದ್ದವು.

ಶೀಟ್ ತಿದ್ದಿ ಕಳಿಸಿದೆ, ತಪ್ಪು ನನ್ನದು ಅಂತ ಬರೆದೆ. ನಮ್ಮ ಸಾಹೇಬರು ಬೈದ್ರು. ಕಡಿತದ ಮಾತು ನಿಂತಿತು. 15 ಬಿನ್ನು ಪುಸ್ತಕದಿಂದ ತೆಗೆದುಹಾಕಿದ್ರು.

ಈಗ ಯಾರಾದ್ರೂ ಟ್ರ್ಯಾಕಿಂಗ್ ಅಂದ್ರೆ ಕಾವಲು, ಕಂಪ್ಲಯನ್ಸ್ ಅಂದ್ರೆ ಕಿರಿಕಿರಿ ಅಂದಾಗ ನನಗೆ ಆ ಕಾರ್ಬನ್ ಪ್ರತಿಗಳು ನೆನಪಾಗುತ್ತವೆ. ಲೆಕ್ಕ ಇಲ್ಲದ ಕಡೆ ನಷ್ಟ ಮೇಲಿನಿಂದ ಕೆಳಗೆ ಹರಿದು, ಎಲ್ಲರಿಗಿಂತ ಕೆಳಗಿದ್ದವನ ತಲೆಮೇಲೆ ನಿಲ್ಲುತ್ತೆ. ಅದನ್ನ ತಡೆಯೋದು ಒಂದು ಸೀಲು, ಒಂದು ಸಹಿ. ನಿಮ್ಮಲ್ಲಿ ಯಾರಾದ್ರೂ ಗೋಡೌನ್‌ನಲ್ಲೋ ಡೆಲಿವರಿಯಲ್ಲೋ ಕೆಲಸ ಮಾಡ್ತಿದ್ರೆ, ಖಾಲಿ ಕ್ರೇಟ್ ಕೊಟ್ಟಾಗಲೂ ಸಹಿ ತಗೊಳ್ಳಿ, ಇಲ್ಲದಿದ್ರೆ ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಮುಂದಿನ ವರ್ಷದ ಎಣಿಕೆಗೂ ನಾನೇ ಹೋಗಿದ್ದೆ. ಅಣ್ಣ ನಾನು ಕೇಳೋ ಮುಂಚೆಯೇ ಆರ್‌ಜಿಪಿ ಫೈಲುಗಳನ್ನ ತಿಂಗಳ ಪ್ರಕಾರ ಜೋಡಿಸಿ ಮೇಜಿನ ಮೇಲೆ ಇಟ್ಟಿದ್ರು. ಟೀಯೂ ತರಿಸಿದ್ರು. ಆದ್ರೆ ಆ ಸಲ ‘ತಮ್ಮಾ’ ಅನ್ನಲಿಲ್ಲ. “ನೋಡ್ಕೊಳ್ಳಿ ಸಾರ್” ಅಂದ್ರು.